ಪೆನ್ಸಿಲ್‌ನಲ್ಲಿ ಬರೆದ ಹೆಸರು

ಡೆನ್‌ಜಿಲ್ ಯಾರ್‌ವುಡ್ ಕಾಗದವನ್ನು ಎತ್ತಿ ಹಿಡಿದಾಗ ಅವನ ಕೈ ನಡುಗುತ್ತಿತ್ತು. ಚರ್ಚಿನ ಸಭಾಂಗಣದ ಎರಡು ಫ್ಯಾನುಗಳಲ್ಲಿ ಒಂದು ಸರಿಯಾಗಿ ಅವನ ನೆತ್ತಿಯ ಮೇಲೇ ತಿರುಗುತ್ತಿತ್ತು. ಕಾಗದ ಅಲ್ಲಾಡುವುದು ಗಾಳಿಗೆ ಎಂದು ಜನ ಅಂದುಕೊಂಡರೆ ಸಾಕು ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

"ಇದು ನನ್ನ ಮಗಳ ಜನನ ಪತ್ರ," ಎಂದ. "ತಾಯಿ ಹೆಸರಿದೆ, ತಾಯಿ ಕೆಲಸ ಇದೆ, ಮನೆ ಇರೋ ಊರಿದೆ. ತಂದೆ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದಿದಾರೆ. ಹತ್ತು ವರ್ಷದಿಂದ ನಾನು ಆ ಗೆರೆ."

ಗಂಡಸರ ಸಾಲಿನಲ್ಲಿ ಯಾರೋ ಕಾಲಿಂದ ನೆಲ ಬಡಿದರು. ಕೊನೆಯ ಸಾಲಿನ ಹಿಂದೆ, ಮೀನಿನ ವಡೆಯ ದೊಡ್ಡ ಡಬ್ಬಿಯ ಪಕ್ಕದಲ್ಲಿ ನಿಂತಿದ್ದ ಮಾರ್ಸೆಲ್ ಕಡೆ ಡೆನ್‌ಜಿಲ್ ನೋಡಲಿಲ್ಲ. ಅವಳೇ ಆ ಮಗಳ ತಾಯಿ. ಚರ್ಚಿನ ಸಭೆ ಯಾವುದೇ ಇರಲಿ, ತಿಂಡಿ ಅವಳದೇ. ಇವತ್ತು ಬರುತ್ತಾಳೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಭಾಷಣದ ಆರನೇ ಚೀಟಿಯಲ್ಲಿ ಬರೆದುಕೊಂಡಿದ್ದನ್ನು ಓದಿದ.

"ಬರೆಸಬೇಕು ಅಂತ ಅವಳಿಗೆ ಅನ್ನಿಸಿರಲಿಲ್ಲ. ಕಾನೂನು ಅವಳನ್ನ ಯಾಕೆ ಅಂತ ಕೇಳಲೂ ಇಲ್ಲ."

ಅಂದಿನ ಚರ್ಚೆಯ ವಿಷಯವನ್ನು ಕಪ್ಪು ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದಿದ್ದರು: ಗಂಡಸರ ಹಕ್ಕಿಗೆ ಬೇರೆಯದೇ ಚಳವಳಿ ಬೇಕು. ಬೇಕು ಎನ್ನುವ ಕಡೆ ತಂದೆಯರ ಬಳಗ, ಬೇಡ ಎನ್ನುವ ಕಡೆ ಚರ್ಚಿನ ಮಹಿಳಾ ಸಂಘ. ಎರಡೂ ಕಡೆಯಿಂದ ಇಬ್ಬಿಬ್ಬರು ಮಾತಾಡಬೇಕು. ಆಮೇಲೆ ತಿಂಡಿ. ತಿಂಡಿಯ ನಂತರ ಕಡೆಗೊಬ್ಬರಂತೆ ಕೊನೆಯ ಉತ್ತರ. ಕೊನೆಗೆ ಕೈಯೆತ್ತಿ ಮತ.

ಬಳಗದ ಮುಖ್ಯಸ್ಥ ಹಾಲಂ ಬ್ಲಾಕೆಟ್ ಸ್ಪೈಟ್ಸ್‌ಟೌನ್ ಪೇಟೆಯಲ್ಲಿ ಕ್ಷೌರದಂಗಡಿ ಇಟ್ಟವನು. ಅವನು ಮೊದಲೇ ಮಾತಾಡಿ ಸಭೆಯನ್ನು ಬಿಸಿ ಮಾಡಿದ್ದ. ಶಾಲೆ ಬಿಡುವ ಹುಡುಗರ ಲೆಕ್ಕ ಹೇಳಿದ್ದ. ತನ್ನ ತಮ್ಮನ ಮಾತು ಬಂದಾಗ ಮಾತ್ರ ಅವನ ದನಿ ಇಳಿದಿತ್ತು. ಮಕ್ಕಳನ್ನು ವರ್ಷವಿಡೀ ಗೇಟಿನಾಚೆಯಿಂದ ನೋಡಿ ನೋಡಿ ಆ ತಮ್ಮ ಒಂದು ದಿನ ಪ್ರಾಣ ಕಳೆದುಕೊಂಡಿದ್ದ. ಅವನ ಸಂಕಟ ಕೇಳುವುದಕ್ಕೆ ಈ ದ್ವೀಪದಲ್ಲಿ ಒಂದು ಮೇಜು, ಒಂದು ಕುರ್ಚಿ ಇರಲಿಲ್ಲ ಎಂದು ಹಾಲಂ ಹೇಳಿದಾಗ ಮಹಿಳಾ ಸಂಘದವರೂ ತಲೆ ತಗ್ಗಿಸಿದ್ದರು.

ಡೆನ್‌ಜಿಲ್ ಅಂಥ ಮಾತುಗಾರನಲ್ಲ. ಮನೆಮನೆಗೆ ಹೋಗಿ ನೀರಿನ ಮೀಟರು ಓದುವುದು ಅವನ ಕೆಲಸ. ಓದಿದ ಅಂಕಿಯನ್ನು ಇನ್ನೊಮ್ಮೆ ಓದಿ, ಗೇಟು ದಾಟಿದ ಮೇಲೆ ಸಂಶಯ ಬಂದು ಮತ್ತೆ ಒಳಗೆ ಹೋಗಿ ನಾಯಿಗಳಿಂದ ಎರಡೆರಡು ಸಲ ಬೊಗಳಿಸಿಕೊಳ್ಳುವವನು. ಎರಡು ವರ್ಷದಿಂದ ಸಂಜೆ ಕಾಲೇಜಿಗೆ ಹೋಗುತ್ತಿದ್ದ. ಒಂದು ಚೀಟಿಗೆ ಒಂದೇ ವಿಚಾರ, ಒಂದು ಉಸಿರಿಗೆ ಒಂದೇ ವಾಕ್ಯ ಎಂದು ಅಲ್ಲಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ಹನ್ನೊಂದು ಚೀಟಿ ಬರೆದು, ಮೂರು ಸಲ ತಿದ್ದಿ, ಅಂಕಿ ಹಾಕಿ ತಂದಿದ್ದ.

ಇಷ್ಟಕ್ಕೆಲ್ಲ ಮೊದಲಾದದ್ದು ಜನವರಿಯ ಒಂದು ಬುಧವಾರ. ಮಗಳು ಕೆಜಿಯಾ ಬುಧವಾರ ಸಂಜೆ ಮತ್ತು ಶನಿವಾರ ಅವನ ಬಳಿ ಇರುತ್ತಾಳೆ. ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆಯ ಅರ್ಜಿಯನ್ನು ಅಡುಗೆ ಮೇಜಿನ ಮೇಲೆ ಹರಡಿಕೊಂಡು, ಜನನ ಪತ್ರವನ್ನು ಪಕ್ಕದಲ್ಲಿಟ್ಟು ನೋಡಿ ನೋಡಿ ತುಂಬುತ್ತಿದ್ದವಳು ತಲೆಯೆತ್ತಿ, "ಅಪ್ಪಾ, ನಿನ್ನ ಜಾಗದಲ್ಲಿ ನಾನೂ ಗೆರೆ ಎಳೀಲಾ?" ಎಂದಿದ್ದಳು. ಆ ಪತ್ರವನ್ನು ಅವನು ಕಂಡದ್ದು ಅದೇ ಮೊದಲು. ಹತ್ತು ವರ್ಷದಲ್ಲಿ ಒಮ್ಮೆಯೂ ತೋರಿಸು ಎಂದು ಕೇಳಿರಲಿಲ್ಲ. ಅವನ ಮುಖ ನೋಡಿ ಹುಡುಗಿ ತಾನೇ ಸಮಾಧಾನ ಹೇಳಿದ್ದಳು, ಅದು ಆಫೀಸಿನವರ ತಪ್ಪಂತೆ, ಅಮ್ಮ ಹೇಳಿದಳು ಎಂದು. ತಾನು ಮಾಡಿದ್ದನ್ನು ಮುಚ್ಚಿಕೊಳ್ಳಲು ಮಾರ್ಸೆಲ್ ಮಗುವಿಗೂ ಸುಳ್ಳು ಹೇಳಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಪತ್ರದ ಒಂದು ಪ್ರತಿ ತೆಗೆಸಿಟ್ಟುಕೊಂಡು, ಮುಂದಿನ ಗುರುವಾರವೇ ಹಾಲಂನ ಅಂಗಡಿಗೆ ಹೋಗಿ ಬಳಗಕ್ಕೆ ಸೇರಿದ.

ಚೀಟಿಗಳು ಮುಗಿದವು. ಅವನು ಕುಳಿತ. ಹಾಲಂ ಅವನ ತೊಡೆ ತಟ್ಟಿ, "ಮುಗೀತು ಕಣೋ ಅವರ ಕಥೆ," ಎಂದು ಪಿಸುಗುಟ್ಟಿದ. "ಕೊನೇ ಉತ್ತರಾನೂ ನೀನೇ ಹೇಳು. ಅದೇ ಕಾಗದ ಇನ್ನೊಂದ್ಸಲ ಎತ್ತಿದ್ರೆ ಸಾಕು."

ಎದುರು ಕಡೆಯ ಎರಡನೆಯ ಮಾತುಗಾರ್ತಿ ನರ್ಸಮ್ಮ. ಹೆಸರು ಅಂಡೀನ್ ಫೋರ್ಡ್. ಮೂವತ್ತೊಂದು ವರ್ಷ ಊರಿನ ಕ್ಲಿನಿಕ್ಕಿನಲ್ಲಿದ್ದು ನಿವೃತ್ತರಾದವರು. ಆ ಸಭಾಂಗಣದಲ್ಲಿದ್ದ ನಲವತ್ತು ದಾಟದವರಲ್ಲಿ ಅರ್ಧ ಜನಕ್ಕೆ ಸೂಜಿ ಚುಚ್ಚಿದ್ದವರು ಅವರೇ. ಎದ್ದು ನಿಂತು ಡೆನ್‌ಜಿಲ್‌ನನ್ನೇ ಸ್ವಲ್ಪ ಹೊತ್ತು ನೋಡಿದರು. ಬಳಿಕ ಕೊನೆಯ ಸಾಲಿನಾಚೆ ನೋಡಿದರು. ಏನೋ ಹೇಳಲು ಹೊರಟು ನಿಲ್ಲಿಸಿದಂತಿತ್ತು.

ಅವರು ಗಂಡಸರನ್ನು ಬೈಯಲಿಲ್ಲ. ತಮ್ಮ ಕ್ಲಿನಿಕ್ಕಿನಲ್ಲಿ ತಾಯಿಗೆಂದು ಒಂದೇ ಕುರ್ಚಿ ಇಟ್ಟಿದ್ದೆವು, ಜೊತೆಗೆ ಬಂದ ಗಂಡಸು ಹೊರಗೆ ಬಾದಾಮಿ ಮರದ ಕೆಳಗೆ ನಿಂತಿರುತ್ತಿದ್ದ, ಒಳಗೆ ಬಾ ಎಂದು ನಾವು ಕರೆಯಲಿಲ್ಲ, ಅದು ನಮ್ಮದೇ ತಪ್ಪು ಎಂದರು. ಆದರೆ ಎರಡನೆಯ ಕುರ್ಚಿ ಹಾಕುವುದಕ್ಕೆ ಎರಡನೆಯ ಕ್ಲಿನಿಕ್ ಕಟ್ಟಬೇಕಾಗಿಲ್ಲ ಎಂದರು. ಹೆಂಗಸಿಗೆ ಸಮಾನತೆ ಬಂದರೆ ಗಂಡಸು ಮಗು ಎತ್ತಿಕೊಳ್ಳುವುದಕ್ಕೆ ನಾಚಬೇಕಾಗಿಲ್ಲ, ಅದರಲ್ಲಿ ಯಾರ ಗಂಟು ಹೋಗುತ್ತದೆ ಎಂದು ಕೇಳಿದರು. ಜನನ ಪತ್ರದ ಮಾತನ್ನೇ ಎತ್ತದೆ ಕುಳಿತುಬಿಟ್ಟರು. ಹಾಲಂ ಮುಗುಳ್ನಕ್ಕ. ಡೆನ್‌ಜಿಲ್‌ಗೆ ಮಾತ್ರ, ಮೀಟರಿನ ಅಂಕಿ ತಪ್ಪು ಓದಿ ಬಂದಾಗ ಆಗುವಂತೆ, ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಬೇಕು ಅನ್ನಿಸಿತು.

ತಿಂಡಿಯ ಹೊತ್ತಿಗೆ ಅವನು ಡಬ್ಬಿಯ ಕಡೆ ಹೋಗಲಿಲ್ಲ. ಪಕ್ಕದ ಬಾಗಿಲಿನ ಮೆಟ್ಟಿಲ ಮೇಲೆ ನಿಂತ. ಹೊರಗೆ ರಸ್ತೆಯ ಮೇಲೆ ಗೆರೆ ಎಳೆದುಕೊಂಡು ಇಬ್ಬರು ಹಲಗೆ ಬ್ಯಾಟಿನಲ್ಲಿ ಚೆಂಡಾಡುತ್ತಿದ್ದರು. ವ್ಯಾನು ಬಂದಾಗಲೆಲ್ಲ ಆಟ ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ನರ್ಸಮ್ಮ ಮರದ ತೊಗಟೆ ಕುದಿಸಿ ಮಾಡುವ ಮಾಬಿ ಪಾನಕವನ್ನು ಎರಡು ಲೋಟದಲ್ಲಿ ಹಿಡಿದುಕೊಂಡು ಬಂದು ಒಂದನ್ನು ಅವನ ಕೈಗಿಟ್ಟರು.

"ಕಹಿ ಇದೆ, ಕುಡಿ. ಆ ಕಾಗದ ಕೊಡು ನೋಡೋಣ."

ಅವರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ತಂದೆಯ ಹೆಸರಿನ ಗೆರೆಯನ್ನು ನೋಡಲೇ ಇಲ್ಲ. ಬೆರಳು ಕೊನೆಯ ಸಾಲಿಗೆ ಹೋಯಿತು.

"ಮಗು ಹುಟ್ಟಿದ್ದು ಯಾವತ್ತು?"

"ಮೇ ಒಂಬತ್ತು."

"ದಾಖಲೆ ಮಾಡ್ಸಿದ್ದು?"

ಆ ಸಾಲನ್ನು ಅವನು ಓದಿರಲಿಲ್ಲ. ಎಲ್ಲವನ್ನೂ ಎರಡೆರಡು ಸಲ ಓದುವವನು ಗೆರೆಯೊಂದನ್ನೇ ನೂರು ಸಲ ಓದಿದ್ದ. ಈಗ ಓದಿದ. ಡಿಸೆಂಬರ್ ಇಪ್ಪತ್ತೊಂಬತ್ತು.

"ಏಳು ತಿಂಗಳು," ಎಂದರು ನರ್ಸಮ್ಮ. "ಮದುವೆ ಆಗ್ದೋರ ಮಗೂಗೆ ಅಪ್ಪನ ಹೆಸರು ಬರೀಬೇಕಾದ್ರೆ ಅಪ್ಪಾನೇ ಬಂದು ಸಹಿ ಹಾಕ್ಬೇಕು. ತಾಯಿ ಬಾಯಲ್ಲಿ ಹೇಳಿದ್ರೆ ಬರಕೊಳಲ್ಲ. ನಿಂಗೆ ಗೊತ್ತಿರ್ಲಿಲ್ವಾ ಮಗಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಮಾರ್ಸೆಲ್ ಪ್ರತಿ ತಿಂಗಳೂ ಮಗೂನ ಸೂಜಿಗೆ ಕರ್ಕೊಂಡು ಬರೋಳು. ಕಾರ್ಡಿನ ಮೇಲೆ ಅಪ್ಪನ ಹೆಸರು ಬರೀಲಾ ಅಂದ್ರೆ, ಬೇಡ ನರ್ಸಮ್ಮ, ಅವ್ನು ಅಕ್ಟೋಬರಲ್ಲಿ ಬರ್ತಾನೆ, ಇಬ್ರೂ ಹೋಗಿ ಬರೆಸ್ತೀವಿ ಅನ್ನೋಳು. ನಾನು ಪೆನ್ಸಿಲಲ್ಲಿ 'ಯಾರ್‌ವುಡ್ ಮಗು' ಅಂತ ಬರೆದೆ. ವರ್ಷ ಮುಗಿಯೋಕೆ ಎರಡು ದಿನ ಇರೋವಾಗ ಆಫೀಸಿನೋರು ಇನ್ನು ಕಾಯೋಕಾಗಲ್ಲ ಅಂದ್ರು. ಅವತ್ತು ಕ್ಲಿನಿಕ್ಕಿಗೆ ಬಂದು ಅತ್ತು ಹೋದಳು."

ಆ ವರ್ಷ ಅವನು ಫೆಬ್ರವರಿಯಲ್ಲಿ ಕೆನಡಾದ ಸೇಬಿನ ತೋಟದ ಕೆಲಸಕ್ಕೆ ಹೋಗಿದ್ದ. ಅಕ್ಟೋಬರಿಗೆ ಬರುತ್ತೇನೆ ಎಂದಿದ್ದು ನಿಜ. ಫೋನಿನಲ್ಲಿ ಏನೋ ಸಣ್ಣ ಮಾತಿಗೆ ಜಗಳವಾಗಿ, ಅವಳೂ ಸ್ವಲ್ಪ ಕಾಯಲಿ ಎಂದು ಅಲ್ಲೇ ಅಣ್ಣನ ಮನೆಯಲ್ಲಿ ಹೊಸ ವರ್ಷದವರೆಗೆ ಉಳಿದಿದ್ದ. ಬಂದ ಮೇಲೆ ಮಗುವನ್ನು ಎತ್ತಿಕೊಂಡ, ತೊಟ್ಟಿಲು ಮಾಡಿಸಿದ, ಮೂರು ವರ್ಷ ಜೊತೆಗಿದ್ದ. ಕಾಗದದ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

"ನೀವು ಒಳಗೆ ಇದನ್ನ ಯಾಕೆ ಹೇಳಲಿಲ್ಲ?" ಎಂದು ಕೇಳಿದ. "ಅಲ್ಲೇ ಗೆದ್ದುಬಿಡ್ತಿದ್ರಿ."

"ಹೇಳೋಣ ಅಂತಾನೇ ಎದ್ದಿದ್ದೆ. ಅವಳು ಹಿಂದಿಂದ ಬೇಡ ಅಂತ ತಲೆ ಆಡಿಸಿದಳು." ನರ್ಸಮ್ಮ ತಮ್ಮ ಲೋಟ ಬರಿದು ಮಾಡಿದರು. "ಇನ್ನು ನೀನುಂಟು, ನಿನ್ನ ಚೀಟಿಗಳುಂಟು."

ಗಂಟೆ ಬಾರಿಸಿದರು. ಒಳಗೆ ಬರುವಾಗ ಅವನು ಡಬ್ಬಿಯ ಪಕ್ಕದಿಂದಲೇ ಬರಬೇಕಾಯಿತು. ಮಾರ್ಸೆಲ್ ಎರಡು ವಡೆಗಳನ್ನು ಕಾಗದದಲ್ಲಿ ಸುತ್ತಿ ಅವನ ಕಡೆ ಚಾಚಿದಳು.

"ತಗೋ. ಹೊಟ್ಟೇಲಿ ಏನೂ ಇಲ್ದೆ ನಿಂತ್ಕೊಂಡ್ರೆ ಇನ್ನೂ ನಡುಗ್ತೀಯ."

ಅವನು ತೆಗೆದುಕೊಂಡ. "ನೀನು ನಂಗೆ ಯಾಕೆ ಹೇಳಲಿಲ್ಲ?"

"ಏನನ್ನ?" ಎಂದಳು. ಆಮೇಲೆ ಅವನ ಕೈಯಲ್ಲಿದ್ದ ಪತ್ರ ನೋಡಿ ದನಿ ತಗ್ಗಿಸಿದಳು. "ಅಕ್ಟೋಬರಲ್ಲಿ ಬಾರ್ದೇ ಇದ್ದೋನು ನೀನು. ಸಹಿ ಹಾಕೋಕೆ ಇಷ್ಟ ಇಲ್ದೇನೇ ಉಳ್ಕೊಂಡೆ ಅಂತ ತಿಳ್ಕೊಂಡಿದ್ದೆ. ಕೇಳಿ ಅದನ್ನ ನಿನ್ನ ಬಾಯಿಂದಾನೂ ಕೇಳಿಸ್ಕೋಬೇಕಿತ್ತಾ?"

"ಮಗೂಗೆ ಆಫೀಸಿನೋರ ತಪ್ಪು ಅಂದ್ಯಂತೆ."

"ಇನ್ನೇನನ್ಲಿ? ಶನಿವಾರ ಅಂದ್ರೆ ಬೆಳಗಾಗೋಕೆ ಮುಂಚೆ ಎದ್ದು ಚಪ್ಪಲಿ ಹಾಕ್ಕೊಂಡು ಕೂತಿರ್ತಾಳೆ ನಿಂಗೋಸ್ಕರ." ಹಿಂದೆ ನಿಂತವರಿಗೆ ವಡೆ ಕೊಡಲು ಅವಳು ತಿರುಗಿಕೊಂಡಳು.

ಹಾಲಂ ಮುಂದಿನ ಸಾಲಿನಿಂದ ಕೈಬೀಸಿ ಕರೆಯುತ್ತಿದ್ದ. ಡೆನ್‌ಜಿಲ್ ವಡೆಯ ಪೊಟ್ಟಣವನ್ನು ಜೇಬಿಗೆ ತುರುಕಿಕೊಂಡು ಮುಂದೆ ಹೋಗಿ ನಿಂತ. ಕೊನೆಯ ಉತ್ತರಕ್ಕೆಂದು ಮೂರು ಚೀಟಿ ಬೇರೆಯಾಗಿ ಬರೆದಿಟ್ಟಿದ್ದ. ಅವನ್ನು ಜೇಬಿನಿಂದ ತೆಗೆಯಲೇ ಇಲ್ಲ.

"ನಾನು ಮೊದಲು ಹೇಳಿದ್ರಲ್ಲಿ ಒಂದು ತಪ್ಪಿದೆ," ಎಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಹಿಂದಿನವರು ಜೋರಾಗಿ ಎಂದು ಕೂಗಿದರು. ಅವನು ಮತ್ತೆ ಹೇಳಿದ. ಕಾಗದ ಎತ್ತಿ ಹಿಡಿದು ಎರಡು ದಿನಾಂಕಗಳನ್ನೂ ಓದಿದ. ಅಕ್ಟೋಬರಿಗೆ ಬರುತ್ತೇನೆಂದು ಹೇಳಿ ಬಾರದಿದ್ದುದನ್ನು, ಯಾಕೆ ಬರಲಿಲ್ಲ ಎಂಬುದನ್ನೂ ಹೇಳಿದ. "ಬರೆಸಬೇಕು ಅಂತ ಅವಳಿಗೆ ಅನ್ನಿಸಿರಲಿಲ್ಲ ಅಂದೆ. ಅವಳು ಏಳು ತಿಂಗಳು ಜಾಗ ಖಾಲಿ ಇಟ್ಕೊಂಡು ಕಾದಿದ್ದಳು. ಗೆರೆ ಎಳೆದಿದ್ದು ನಾನು. ನಿಮ್ಮೆಲ್ಲರ ಎದುರಿಗೆ ಅವಳ ಮೇಲೆ ಹಾಕಿದೆ, ನಿಮ್ಮೆಲ್ಲರ ಎದುರಿಗೇ ವಾಪಸ್ ತಗೋತೀನಿ."

ಹಾಲಂ ಕಣ್ಣು ಮುಚ್ಚಿಕೊಂಡ. ಡೆನ್‌ಜಿಲ್ ಅವನ ಕಡೆ ತಿರುಗಿದ.

"ಹಾಲಂನ ತಮ್ಮನ ವಿಷಯ ಮಾತ್ರ ಸುಳ್ಳಲ್ಲ. ಗಂಡಸಿಗೂ ಹೋಗಿ ಕೂರೋದಕ್ಕೆ ಒಂದು ಜಾಗ ಬೇಕು. ಬಳಗ ಇರ್ಲಿಲ್ಲ ಅಂದಿದ್ರೆ ನಾನು ಈ ಕಾಗದ ಹಿಡ್ಕೊಂಡು ಒಬ್ಬನೇ ಮನೇಲಿ ಕೂತಿರ್ತಿದ್ದೆ. ಅದಕ್ಕೆ ಬೇರೆ ಚಳವಳಿ ಬೇಕೋ, ಇನ್ನೊಂದು ಕುರ್ಚಿ ಸಾಕೋ, ನಂಗೆ ನಿಜವಾಗ್ಲೂ ಗೊತ್ತಿಲ್ಲ." ಆಮೇಲೆ ಹಿಂದೆ ಡಬ್ಬಿಯ ಕಡೆ ನೋಡಿದ. "ಕಾದಿದ್ದಕ್ಕೆ ನಿಂಗೆ ಋಣಿ, ಮಾರ್ಸೆಲ್," ಎಂದು ಹೇಳಿ ಕುಳಿತ.

ಎದುರು ಕಡೆಯ ಉತ್ತರವೂ ಮುಗಿದು ಮತ ಎಣಿಸಿದಾಗ ಬೇಡ ಎನ್ನುವ ಕಡೆಗೆ ಒಂಬತ್ತು ಕೈ ಹೆಚ್ಚು ಬಂದವು. ಡೆನ್‌ಜಿಲ್ ಎರಡು ಕಡೆಗೂ ಕೈಯೆತ್ತಲಿಲ್ಲ. ಕುರ್ಚಿಗಳನ್ನು ಮಡಚುವಾಗ ಹಾಲಂ ಅವನಿಗೆ ಬೆನ್ನು ಹಾಕಿಕೊಂಡೇ ಕೆಲಸ ಮಾಡಿದ. ಕೊನೆಯ ಸಾಲಿಗೆ ಬಂದಾಗ, "ಗೆಲ್ಲೋ ಆಟಾನ ತಟ್ಟೇಲಿಟ್ಟು ಕೊಟ್ಬಿಟ್ಯಲ್ಲೋ, ಮಹಾರಾಯ," ಎಂದ. ಇನ್ನೊಂದು ಕುರ್ಚಿ ಮಡಚಿದ. "ಸೋಮವಾರ ಬೆಳಿಗ್ಗೆ ಅಂಗಡಿ ಹತ್ರ ಬಾ. ಹೆಸರು ಆಮೇಲೆ ಸೇರಿಸೋಕೆ ಬೇರೆ ಅರ್ಜಿ ಇರತ್ತೆ, ಇಬ್ರೂ ಸಹಿ ಹಾಕ್ಬೇಕು. ನಮ್ಮ ಬಳಗದಲ್ಲಿ ಒಂದು ಕಟ್ಟು ಇಟ್ಟಿದೀವಿ. ಯಾರೂ ಕೇಳಲ್ಲ, ಎಲ್ರೂ ಭಾಷಣ ಮಾಡೋಕೇ ಬರ್ತಾರೆ." ತಾನೂ ಅವರಲ್ಲೊಬ್ಬ ಎನ್ನುವಂತೆ ಮೂಗು ಒರೆಸಿಕೊಂಡ.

ಮಂಗಳವಾರ ಡೆನ್‌ಜಿಲ್, ಮಾರ್ಸೆಲ್, ಮಗಳು ಮೂವರೂ ರಾಜಧಾನಿ ಬ್ರಿಜ್‌ಟೌನಿನ ನೋಂದಣಿ ಕಚೇರಿಯ ಬೆಂಚಿನಲ್ಲಿ ಕುಳಿತಿದ್ದರು. ಕೆಜಿಯಾ ಶಾಲೆಯ ಸಮವಸ್ತ್ರದಲ್ಲೇ ನಡುವೆ ಕುಳಿತಿದ್ದಳು. ಅವರ ಸರದಿಗೆ ಇನ್ನೂ ಹದಿನೇಳು ಜನರಿದ್ದರು. ಡೆನ್‌ಜಿಲ್ ಅರ್ಜಿಯನ್ನು ನಾಲ್ಕನೆಯ ಸಲ ಓದುತ್ತಿದ್ದ. ಇನ್ನೊಂದು ಸಲ ಓದಿದರೆ ಅಕ್ಷರಗಳು ಅಳಿಸಿಹೋಗುತ್ತವೆ ಎಂದು ಮಾರ್ಸೆಲ್ ಗೊಣಗಿದಳು. ಸಾಕ್ಷಿಗೆ ಬೇಕಾದೀತು ಎಂದು ಅವಳು ಮನೆಯಲ್ಲಿದ್ದ ಹಳೆಯ ಕಾಗದಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದಿದ್ದಳು. ಅದರೊಳಗೆ ಕ್ಲಿನಿಕ್ಕಿನ ಕಾರ್ಡೂ ಇತ್ತು. ಮೂಲೆ ಮಡಚಿಹೋಗಿದ್ದ ಹಳದಿ ಕಾರ್ಡು. ಮೇಲಿನ ಸಾಲಿನಲ್ಲಿ 'ಯಾರ್‌ವುಡ್ ಮಗು' ಎಂದು ಪೆನ್ಸಿಲಿನ ಗುರುತು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಷ್ಟು ಮಾಸಿತ್ತು.

"ಇದು ನಾನಾ?" ಎಂದಳು ಕೆಜಿಯಾ.

"ನೀನೇ," ಎಂದ ಡೆನ್‌ಜಿಲ್.

ಅವಳು ಕಾರ್ಡನ್ನು ಲೆಕ್ಕದ ಪುಸ್ತಕದ ಮೇಲಿಟ್ಟುಕೊಂಡಳು. ಡಬ್ಬಿಯಿಂದ ಪೆನ್ಸಿಲ್ ತೆಗೆದು, ಮೊನೆಯನ್ನು ಬೆರಳಿಗೆ ಒತ್ತಿ ನೋಡಿದಳು. ಆಮೇಲೆ ನಾಲಗೆಯ ತುದಿ ಕಚ್ಚಿಕೊಂಡು, ಹಳೆಯ ಅಕ್ಷರಗಳ ಮೇಲೆಯೇ, ಅಂಚು ದಾಟದಂತೆ, ಒಂದೊಂದನ್ನೇ ನಿಧಾನವಾಗಿ ತಿದ್ದತೊಡಗಿದಳು. ಕಿಟಕಿಯಲ್ಲಿ ಮುಂದಿನ ಸಂಖ್ಯೆ ಕೂಗಿದರು. ಅವಳ ಮೊಣಕೈಗೆ ತಗುಲದಿರಲಿ ಎಂದು ಎರಡೂ ಕಡೆ ಕುಳಿತವರು ಸ್ವಲ್ಪ ಸ್ವಲ್ಪ ಸರಿದು ಕುಳಿತರು.