ಕಲ್ಲಿನ ಕಪ್ಪು ಮೈ

ಫಾರೆಸ್ಟರು ಬರೆದು ತಂದಿದ್ದ ಮಹಜರಿನಲ್ಲಿ ಚಲುವಯ್ಯನ ಹೆಸರು ಆಗಲೇ ಇತ್ತು. ಸಾಕ್ಷಿಯ ಸಹಿಯೊಂದು ಬಾಕಿ. ಅದಕ್ಕಾಗಿಯೇ ಕಂಠಪ್ಪನನ್ನು ಸೀಗೆಗುಡ್ಡದ ನೆತ್ತಿಗೆ ಕರೆಸಿದ್ದರು.

“ಒಂದ್ ಗಳಿಗೆ ತಡೀರಿ ಸಾ,” ಎಂದ ಕಂಠಪ್ಪ, ಪೆನ್ನು ಮುಟ್ಟದೆ. “ಬೆಂಕಿ ಎಲ್ಲಿಂದ ಬಂತು ಅಂತ ಗುಡ್ಡಾನೇ ಏಳ್ತದೆ. ನಾನು ತೋರುಸ್ತೀನಿ. ಆಮೇಲೆ ಯಾರ್ ಎಸ್ರು ಬೇಕಾದ್ರೂ ಬರ್ಕಳಿ.”

ಚಲುವಯ್ಯ ಸ್ವಲ್ಪ ದೂರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. ಬೆಂಕಿ ಬಿದ್ದು ನಾಲ್ಕು ದಿನವಾಗಿತ್ತು. ಅವತ್ತು ಮಧ್ಯಾಹ್ನ ಗುಡ್ಡದ ಮೇಲೆ ದನದ ಜೊತೆ ಕಂಡವನು ಅವನೊಬ್ಬನೇ, ಜೇಬಿನಲ್ಲಿ ಬೀಡಿ ಕಟ್ಟು ಬೇರೆ. ಕೇಸು ಬಿದ್ದರೆ ತಾಲ್ಲೂಕು ಕೋರ್ಟಿಗೆ ಅಲೆಯಬೇಕು, ಇನ್ನು ಗುಡ್ಡಕ್ಕೆ ದನ ಹೊಡೆಯುವ ಹಾಗಿಲ್ಲ. ಆ ಆರು ದನ ಬಿಟ್ಟರೆ ಅವನಿಗೆ ಬೇರೆ ಬದುಕೇ ಇರಲಿಲ್ಲ.

ಕಂಠಪ್ಪ ಇಪ್ಪತ್ತೆರಡು ಬೇಸಿಗೆ ಇಲಾಖೆಯ ವಾಚರಾಗಿ ಈ ಗುಡ್ಡಕ್ಕೆ ಬೆಂಕಿ ಬೀಳದಂತೆ ಕಾದವನು. ಅದರಲ್ಲಿ ಎಂಟು ಬೇಸಿಗೆ ಚಲುವಯ್ಯನೂ ಜೊತೆಗಿದ್ದ. “ಗುಡ್ಡಾನೇ ಕಟ್ಕಬೋದಿತ್ತಲ್ಲ, ನನ್ನ್ ಯಾಕ್ ಕಟ್ಕಂಡೆ,” ಎಂದು ಕಂಠಪ್ಪನ ಹೆಂಡತಿ ಕೆಂಪಾಜಮ್ಮ ಆಗ ಹಂಗಿಸುತ್ತಿದ್ದಳು. ಎರಡು ವರ್ಷದ ಹಿಂದೆ ವಯಸ್ಸಾಯಿತೆಂದು ಕೆಲಸ ಬಿಡಿಸಿದಾಗ ಅವನು ಗುಡ್ಡದ ಮೇಲೇ ಮುನಿಸಿಕೊಂಡು ಇತ್ತ ತಲೆ ಹಾಕಿರಲಿಲ್ಲ. ಮುನಿಸಿಕೊಂಡರೆ ಗುಡ್ಡಕ್ಕೇನು ನಷ್ಟ? ಈಗ ಬಂದು ನೋಡಿದರೆ ಮುನಿಸಿಕೊಳ್ಳಲು ಕೂಡ ಏನೂ ಉಳಿದಿರಲಿಲ್ಲ.

ಅವನು ಕುಕ್ಕರಗಾಲಲ್ಲಿ ಕೂತು ಒಂದು ಕಲ್ಲಿನ ಮೇಲೆ ಕೈ ಇಟ್ಟ. “ನೋಡಿ ಸಾ. ಬೆಂಕಿ ಬಂದ ಕಡೆ ಮೈ ಕಪ್ಪಾಯ್ತದೆ, ಇಂದ್ಗಡೆ ಅಂಗೇ ಉಳೀತದೆ. ಚಲುವ ಕೂತಿದ್ದ ಜಾಗ ಇದು. ಇಲ್ಲಿ ಕಲ್ಲೆಲ್ಲ ಕೆಳ್ಗಡೀಕೇ ಕಪ್ಪು. ಬೆಂಕಿ ಇವ್ನ ತವ ಬಂದಿರಾದು, ಇವ್ನ ತಾವಿಂದ ಓಗಿರಾದಲ್ಲ.”

ಫಾರೆಸ್ಟರು ಬಗ್ಗಿ ನಾಲ್ಕೈದು ಕಲ್ಲು ನೋಡಿದರು. ಕೆಟ್ಟ ಮನುಷ್ಯರೇನಲ್ಲ. “ಟ್ರೈನಿಂಗಲ್ಲಿ ನಮಗೂ ಹೇಳಿಕೊಟ್ಟಿದ್ರು ಕಂಠಪ್ಪ, ಮರೆತೇಬಿಟ್ಟಿದ್ದೆ. ನಡೀರಿ, ಎಲ್ಲಿಗೆ ಹೋಗುತ್ತೋ ನೋಡೇಬಿಡೋಣ.”

ಕಂಠಪ್ಪನಿಗೆ ಹುಮ್ಮಸ್ಸು ಬಂತು. ಕೆಳಗೆ ಕೇರಳದ ರಸ್ತೆ. ಕಾರು ನಿಲ್ಲಿಸಿಕೊಂಡು ಸಿಗರೇಟು ಸೇದುವವರಿಗೆ ಬರವಿಲ್ಲ. “ರೋಡ್ ತವ್ಕೇ ಓಯ್ತದೆ, ನೋಡ್ಕಳಿ,” ಎಂದು ಮುಂದೆ ಮುಂದೆ ಇಳಿದ. ಚಲುವಯ್ಯ ಅವನ ಹಿಂದೆ. ಫಾರೆಸ್ಟರು ಬೂಟು ಜಾರದಂತೆ ನಿಧಾನಕ್ಕೆ, ಎಲ್ಲರಿಗಿಂತ ಹಿಂದೆ.

ಇಳಿಯುತ್ತ ಇಳಿಯುತ್ತ ಹುಮ್ಮಸ್ಸು ಉಳಿಯಲಿಲ್ಲ. ಅವನೇ ಕಟ್ಟಿದ್ದ ಕಾವಲು ಅಟ್ಟಣೆಯ ಜಾಗದಲ್ಲಿ ನಾಲ್ಕು ಗುಳಿಗಳಿದ್ದವು, ಗುಳಿಯಲ್ಲಿ ಬೂದಿ. ನೆಲ್ಲಿಮರಗಳ ಸಾಲು ಕರಕಲು ಕಡ್ಡಿಯಾಗಿತ್ತು. ಜೋಡಿ ಹೊನ್ನೆಯಲ್ಲಿ ಒಂದು ಮರ ಉರುಳಿ, ಸುಟ್ಟ ಬೊಡ್ಡೆಯಿಂದ ಕೆಂಪು ರಸ ಇಳಿದು ಒಣಗಿತ್ತು. ಅದರ ಬುಡದಲ್ಲಿ ಗೌಜಲಹಕ್ಕಿಯ ಗೂಡು. ಐದು ಮೊಟ್ಟೆ, ಬೆಂದು ಒಡೆದಿದ್ದವು. ಕಂಠಪ್ಪನಿಗೆ ಸಿಟ್ಟು ನೆತ್ತಿಗೇರಿತು.

“ಯಾವ್ ಮನೆಹಾಳ ಆದ್ರೂ ಸರಿ ಸಾ,” ಎಂದು ಹಿಂತಿರುಗಿ ಕೂಗಿದ. “ಒಳೀಕ್ ಆಕ್ಸಿ. ಬುಡ್ಬೇಡಿ.”

ಚಲುವಯ್ಯ ಅವನ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಇಳಿದ.

ಗುಡ್ಡದ ಬುಡಕ್ಕೆ ಇನ್ನು ನೂರು ಗಜವಿತ್ತು. ಅಲ್ಲೊಂದು ಹಾಸುಬಂಡೆ. ರಸ್ತೆ ಇದ್ದದ್ದು ಬಂಡೆಯ ಬಲಕ್ಕೆ. ಕಂಠಪ್ಪ ಬಲಕ್ಕೆ ಹತ್ತು ಹೆಜ್ಜೆ ಹೋಗಿ ನೋಡಿದ. ಅಲ್ಲಿ ಹುಲ್ಲು ಹುಲ್ಲಾಗಿಯೇ ಇತ್ತು, ಬೆಂಕಿ ಆ ಕಡೆ ಸುಳಿದೇ ಇರಲಿಲ್ಲ. ವಾಪಸು ಬಂದು ಎಡಕ್ಕೆ ನೋಡಿದ. ಕಲ್ಲುಗಳು ಒಂದೊಂದೂ ಎಡಕ್ಕೇ ಮುಖ ಮಾಡಿ ಕಪ್ಪಾಗಿದ್ದವು. ಎಡಕ್ಕೆ ಒಂದು ಬೇಲಿ. ಬೇಲಿಯ ಆಚೆ ಅವನದೇ ಹೊಲ.

ಹೊಲದ ಮೂಲೆಯಲ್ಲಿ ಲಂಟಾನದ ಮೆಳೆ ಇರಬೇಕಿತ್ತು, ಇರಲಿಲ್ಲ. ಅಷ್ಟು ಜಾಗ ಮಾತ್ರ ಕೆಂಪಗೆ ಹೊಸದಾಗಿ ಉತ್ತಾಗಿತ್ತು. ಶುಂಠಿ ಹಾಕುವುದಕ್ಕೆ ನೆಲ ಮಾಡುತ್ತೇನೆಂದು ಮಗ ಬಸವಪ್ರಸಾದ್ ಮೊನ್ನೆ ಟ್ರ್ಯಾಕ್ಟರ್ ಹೊಡೆಸಿದ್ದ. ಅಂತೂ ಹುಡುಗನ ಮೈ ಬಗ್ಗಿತು ಎಂದು ಕಂಠಪ್ಪ ಹೆಂಡತಿಯ ಮುಂದೆ ಹೊಗಳಿದ್ದ. ಒಂದು ಹನಿ ಮಳೆಯಿಲ್ಲದೆ, ಇಡೀ ಹೊಲ ಬಿಟ್ಟು ಒಂದು ಮೂಲೆಯನ್ನು, ಸುಟ್ಟ ಬೂದಿ ಮುಚ್ಚುವುದಕ್ಕಲ್ಲದೆ, ಯಾರು ಉಳುತ್ತಾರೆ ಎಂದು ಅವನಿಗೆ ಹೊಳೆದಿರಲಿಲ್ಲ. ಬೇರೆಯವರ ಮಗನಾಗಿದ್ದರೆ ಹೊಳೆಯುತ್ತಿತ್ತು.

ಮೇಲಿನಿಂದ ಫಾರೆಸ್ಟರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಕಂಠಪ್ಪ ಕಪ್ಪು ಮೈ ಗುಡ್ಡದ ಕಡೆಗಾಗುವಂತೆ ಕಾಲಿನಿಂದ ಒಂದು ಕಲ್ಲನ್ನು ಹೊರಳಿಸಿದ. ಇನ್ನೊಂದನ್ನು. ಮೂರನೆಯದು ದಪ್ಪಗಿತ್ತು, ಬಗ್ಗಿ ಎರಡೂ ಕೈಯಿಂದ ತಿರುಗಿಸಿದ. ತಲೆ ಎತ್ತಿದರೆ ಎದುರಿಗೇ ಚಲುವಯ್ಯ ನಿಂತಿದ್ದ.

ಫಾರೆಸ್ಟರು ಏದುಸಿರು ಬಿಡುತ್ತ ಬಂದು, ಈಗಷ್ಟೇ ಕಲಿತ ವಿದ್ಯೆಯ ಉತ್ಸಾಹದಲ್ಲಿ ಕಲ್ಲುಗಳನ್ನು ನೋಡಿದರು. “ಇದೇನು, ಇಲ್ಲಿ ಗುಡ್ಡದ ಕಡೆಗೇ ಕಪ್ಪು? ಅಂದ್ರೆ ಬೆಂಕಿ ಮೇಲಿಂದ ಇಳಿದಿದೆ ಅಂತಾಯ್ತಲ್ಲ?”

“ಗಾಳಿ ತಿರುಗಿರ್ತದೆ ಸಾ,” ಎಂದ ಕಂಠಪ್ಪ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. “ಈ ಕಲ್ಲು ನೋಡ್ಕಂಡು ಏನೂ ಏಳಾಕಾಗಲ್ಲ.”

“ನೀವೇ ತಾನೆ ಹೇಳಿದ್ದು?” ಫಾರೆಸ್ಟರಿಗೆ ಬೇಸರವಾಯಿತು. ಚಲುವಯ್ಯನ ಕಡೆ ತಿರುಗಿದರು. “ನೀನೂ ವಾಚರಾಗಿದ್ದವನಲ್ವೇನಯ್ಯಾ, ನಿನಗೂ ಗೊತ್ತಿರುತ್ತೆ. ಹೇಳೋದಿದ್ರೆ ಈಗಲೇ ಹೇಳು.”

ಕಂಠಪ್ಪ ನೆಲ ನೋಡುತ್ತ ನಿಂತ. ಹೇಳಿಬಿಡಲಿ ಎಂದೂ ಅನ್ನಿಸಿತು, ಹೇಳದಿರಲಿ ಎಂದೂ ಅನ್ನಿಸಿತು.

“ನಂಗೆ ಕಲ್ಸಿದ್ದೇ ಕಂಠಣ್ಣ ಸಾ,” ಎಂದ ಚಲುವಯ್ಯ. “ಅವ್ರೇ ಆಗಲ್ಲ ಅಂದ್ ಮೇಲೆ ನಂದೇನದೆ.”

ಬಂಡೆಯ ಮೇಲೆ ಕಾಗದ ಹಾಸಿ ಫಾರೆಸ್ಟರು ಪೆನ್ನು ಕೊಟ್ಟರು. ಕಂಠಪ್ಪ ಸಹಿ ಹಾಕಿದ. ಬೆರಳಿಗಂಟಿದ್ದ ಕಲ್ಲಿನ ಮಸಿ ಕಾಗದದ ಅಂಚಿಗೆ ಹತ್ತಿತು. ಫಾರೆಸ್ಟರು ಅದನ್ನು ಮಡಿಸಿಕೊಂಡು ರಸ್ತೆಯಲ್ಲಿದ್ದ ಜೀಪಿನತ್ತ ನಡೆದರು.

ಚಲುವಯ್ಯ ಒಂದು ನಿಮಿಷ ಹಿಂದೆ ಉಳಿದ.

“ನಂಗ್ ಅವತ್ತೇ ಗೊತ್ತಾಯ್ತು ಕಣಣ್ಣ. ನಿನ್ ಬಾಯಲ್ಲೇ ಬರ್ಲಿ ಅಂತ ಸುಮ್ಕಿದ್ದೆ.”

ಕಂಠಪ್ಪ ಬೆರಳಿನ ಮಸಿಯನ್ನು ಪಂಚೆಗೆ ಒರೆಸಿಕೊಂಡ.

“ಬುಡು. ಆ ಮೂಲೇಲಿ ಮಣ್ಣೊಳಗೆ ಒಂದು ಬೊಡ್ಡೆ ಇನ್ನೂ ಬೇಯ್ತಾ ಅದೆ. ಉತ್ಬುಟ್ರೆ ಆರೋಯ್ತದೆ ಅನ್ಕಂಡವ್ನೆ ನಿನ್ ಮಗ. ಸಂಜೆ ಗಾಳಿ ಎದ್ರೆ ಉಳ್ದಿರೋದ್ಕೂ ಅತ್ಕತ್ತದೆ. ಎಲ್ಡು ಬಿಂದ್ಗೆ ನೀರು ಉಯ್ಯಿ.”

ಅಷ್ಟು ಹೇಳಿ ಅವನು ಹೋಗಿ ಜೀಪಿನ ಹಿಂದುಗಡೆ ಹತ್ತಿ ಕೂತ.

ಜೀಪು ಕಣ್ಮರೆಯಾದ ಮೇಲೆ ಕಂಠಪ್ಪ ಬೇಲಿ ದಾಟಿದ. ಉತ್ತ ಮಣ್ಣಿಗೆ ಅಂಗೈ ಇಟ್ಟು ನೋಡಿದ, ಬಿಸಿಯಿತ್ತು. ಪಂಪಿನ ತೊಟ್ಟಿಯಿಂದ ಒಂದು ಬಿಂದಿಗೆ ತಂದು ಸುರಿದ. ಮಣ್ಣು ಸುಂಯ್ ಎಂದು ಸದ್ದು ಮಾಡಿ ಹಬೆ ಬಿಟ್ಟಿತು. ತಿರುಗಿದಾಗ ಬಸವಪ್ರಸಾದ್ ಇನ್ನೊಂದು ಬಿಂದಿಗೆ ತುಂಬಿಕೊಂಡು ನಿಂತಿದ್ದ. ಯಾಕೆಂದು ಅವನು ಕೇಳಲಿಲ್ಲ. ಕಂಠಪ್ಪ ಬಿಂದಿಗೆಗೆ ಕೈ ಚಾಚಿದ.