ಗಿಣಿಗೆ ಉಣಿಸಿದ ಒಳಲೆ

ನಾನೊಂದು ಒಳಲೆ. ಈಗಿನವರಿಗೆ ಹೆಸರು ಗೊತ್ತಿರಲಿಕ್ಕಿಲ್ಲ. ಎಳೆಗೂಸಿಗೆ ಹಾಲು, ಔಷಧಿ ಕುಡಿಸುವ ಪುಟ್ಟ ಹಿತ್ತಾಳೆ ಬಟ್ಟಲು ನಾನು. ಅಂಗೈಯಲ್ಲಿ ಅಡಗುವಷ್ಟು ಮೈ, ಮುಂದಕ್ಕೆ ಚಾಚಿದ ಒಂದು ಮೂತಿ, ಇಷ್ಟೇ ನನ್ನ ಆಸ್ತಿ.

ಕಂಚುಗಾರ ಓಣಿಯ ಮೌನೇಶಪ್ಪ ನನ್ನನ್ನು ಎರಕ ಹೊಯ್ದ. ಅಚ್ಚಿನಿಂದ ಹೊರಬಂದಾಗ ನನ್ನ ಮೂತಿ ತುಸು ಒರಟಾಗಿತ್ತು. ಅವನ ಹೆಂಡತಿ ಕಿರುಬೆರಳಾಡಿಸಿ ನೋಡಿ, "ಇನ್ನೊಂಚೂರು ಅರ ಹಾಕ್ರಿ. ಕೂಸಿನ ತುಟಿ ಕೊಯ್ದರ ತಾಯಂದಿರು ನಿಮಗ ಬೈಯಂಗಿಲ್ಲ, ನನಗ ಬೈತಾರ" ಅಂದಳು. ಮೌನೇಶಪ್ಪ ಗೊಣಗುತ್ತಲೇ ಉಜ್ಜಿದ. ಇವತ್ತಿಗೂ ನನ್ನ ಮೂತಿ ಯಾರನ್ನೂ ಕೊಯ್ದಿಲ್ಲ.

ಚೊಚ್ಚಲ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಗಂಗಕ್ಕನ ಗಂಟಿನಲ್ಲಿ ಅವಳ ತಾಯಿ ನನ್ನನ್ನೂ ಇಟ್ಟಳು. ಹಾಗೆ ನಾನು ಗುರುಪಾದಪ್ಪನವರ ಮನೆ ಸೇರಿದೆ. ಪೇಟೆಯಲ್ಲಿ ಕಾಳಿನ ಅಂಗಡಿ, ಊರಲ್ಲಿ ದೊಡ್ಡ ಹೆಸರು. ಗುರುಪಾದಪ್ಪನವರು ವೇದಿಕೆ ಹತ್ತಿದರೆ ಮನುಷ್ಯರೆಲ್ಲ ಒಂದೇ ಎಂದು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಡುಗೆಮನೆಯ ಗೂಡಿನಲ್ಲಿ ಕೂತ ನನಗೂ ಅವರು ಕನ್ನಡಿ ಮುಂದೆ ನಿಂತು ಮಾಡುವ ತಾಲೀಮು ಕೇಳುತ್ತಿತ್ತು. ಒಳ್ಳೆಯ ದನಿ.

ಗಂಗಕ್ಕನ ಎರಡು ಮಕ್ಕಳು ನನ್ನಿಂದ ಹಾಲು ಕುಡಿದವು, ಹರಳೆಣ್ಣೆ ಕುಡಿದು ಮುಖ ಕಿವಿಚಿದವು, ಬಜೆ ತೇಯ್ದ ನೀರನ್ನು ನನ್ನ ಮೇಲೇ ಉಗುಳಿದವು. ಆಮೇಲೆ ಲೋಟ ಹಿಡಿದವು. ನಾನು ಗೂಡಿನಲ್ಲಿ ಹಸಿರುಗಟ್ಟಿದೆ.

ಆ ಮನೆಯ ಹಿತ್ತಲಿಗೆ ದಿನಾ ಬರುವವಳು ಹುಲಿಗೆವ್ವ. ಕೊಟ್ಟಿಗೆಯ ಸಗಣಿ ಬಳಿಯುವುದು, ಬಚ್ಚಲ ಗಟಾರದ ರಾಡಿ ತೆಗೆಯುವುದು ಅವಳ ಕೆಲಸ. ಮದುವೆಯಾಗಿ ಬಂದ ವರ್ಷದಿಂದ ಇದೇ ಹಿತ್ತಲು. ಅವಳ ಅಲ್ಯುಮಿನಿಯಂ ಬಟ್ಟಲು ಗೋಡೆಯ ಹೊರಗಿನ ಸಂದಿಯಲ್ಲಿರುತ್ತಿತ್ತು. ಗಂಗಕ್ಕ ಚಹಾವನ್ನು ಒಂದು ಮೊಳ ಮೇಲಿಂದ ಸುರಿಯುತ್ತಿದ್ದಳು. ಗಂಗಕ್ಕ ಕೆಟ್ಟವಳೇನಲ್ಲ, ಚಹಾಕ್ಕೆ ಬೆಲ್ಲ ಜಾಸ್ತಿಯೇ ಹಾಕುತ್ತಿದ್ದಳು. ಎತ್ತರ ಮಾತ್ರ ಕಡಿಮೆ ಮಾಡಲಿಲ್ಲ. ಹುಲಿಗೆವ್ವ ನಿಂತೇ ಕುಡಿಯುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳಿಗೆ ಯಾರೂ "ಕೂಡು" ಅಂದದ್ದನ್ನು ನಾನು ಕೇಳಿಲ್ಲ.

ಒಂದು ಬೆಳಗ್ಗೆ ಹುಲಿಗೆವ್ವ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು.

"ಅವ್ವಾರ, ದಾರಿ ಮ್ಯಾಲಿನ ಒಣ ತಾಳೆಮರ ಕಡದಾರ್ರಿ. ಪೊಟರಿಯೊಳಗ ಇದೊಂದ ಜೀವ ಉಳದಿತ್ತು."

ಗಿಣಿಮರಿ. ಮೈತುಂಬ ಮುಳ್ಳಿನಂಥ ಎಳೆಗರಿ, ತಲೆಗಿಂತ ದೊಡ್ಡ ಕೊಕ್ಕು. ಹುಲಿಗೆವ್ವ ಅದನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದಳು. ಗಂಗಕ್ಕ ಎತ್ತಿಕೊಂಡಳು. ಹುಲಿಗೆವ್ವ ಮುಟ್ಟಿದ್ದೆಂದು ಮರಿಯ ಮೇಲೆ ಯಾರೂ ನೀರು ಚಿಮುಕಿಸಲಿಲ್ಲ.

ಗಿಣಿ ಸಾಕಬಾರದೆಂಬ ಕಾನೂನು ಆಗಿನ್ನೂ ಬಂದಿರಲಿಲ್ಲ. ಗಂಗಕ್ಕ ಮರಿಗೆ ಪಚ್ಚಿ ಅಂತ ಹೆಸರಿಟ್ಟಳು. ಹುರಿಗಡಲೆ ಹಿಟ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಚಮಚದಲ್ಲಿ ಇಟ್ಟರೆ ಮರಿ ಬಾಯಿ ಬಿಟ್ಟು ತಲೆ ಕುಣಿಸಿತೇ ಹೊರತು ಒಂದು ಹನಿಯೂ ಒಳಗೆ ಹೋಗಲಿಲ್ಲ. ಆಗ ಅವಳ ಕಣ್ಣು ನನ್ನ ಮೇಲೆ ಬಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿನೀರಲ್ಲಿ ತೊಳೆದು, ಕೂಸಿಗೆ ಕುಡಿಸುವ ಹಾಗೆ ಕೊಕ್ಕಿನ ಓರೆಗೆ ನನ್ನ ಮೂತಿ ಇಟ್ಟು ಮೆಲ್ಲಗೆ ಬಗ್ಗಿಸಿದಳು. ಮೊದಲ ಸಲ ಹಿಟ್ಟು ಹೆಚ್ಚಾಗಿ ಮರಿ ಕೆಮ್ಮಿತು. ಮರುದಿನದಿಂದ ಬಿಸಿಯನ್ನು ಮುಂಗೈಗೆ ಹಚ್ಚಿ ನೋಡಿ, ಒಂದು ಗುಟುಕು ಇಳಿದ ಮೇಲೇ ಇನ್ನೊಂದು ಬಿಡುವಳು. ಕೊರಳ ಬುಡದ ಚೀಲ ಗೋಲಿಯಷ್ಟು ಉಬ್ಬಿದರೆ ಸಾಕು, ನಿಲ್ಲಿಸುವಳು.

"ಮನಿ ಒಳಲಿ ಪಕ್ಷಿಗಿಟ್ಟಿ. ಎಂಜಲಾಗಲಿಲ್ಲೇನು?" ಗುರುಪಾದಪ್ಪನವರು ಕೇಳಿದರು.

"ಗಿಣಿಗೆಲ್ಲಿ ಎಂಜಲರೀ? ಗಿಣಿ ಕಚ್ಚಿದ ಪೇರಲಹಣ್ಣು ನೀವು ಹುಡುಕಿ ತಿಂತೀರಿ" ಅಂದಳು ಗಂಗಕ್ಕ. ಅವರು ನಕ್ಕರು. ಉಣಿಸಿದ ಮೇಲೆ ನಾನು ಅಡುಗೆಮನೆಯ ಗೂಡಿಗೆ ಹೋಗುತ್ತಿದ್ದೆ.

ಪಚ್ಚಿಗೆ ರೆಕ್ಕೆ ಬಂತು, ಪಂಜರ ಬಂತು, ಪಾಠವೂ ಬಂತು. ಮನೆಗೆ ಬಂದವರನ್ನು ಗಿಣಿ ಸ್ವಾಗತಿಸಬೇಕೆಂಬುದು ಗುರುಪಾದಪ್ಪನವರ ಆಸೆ. ಗಂಗಕ್ಕ ದಿನಾ ಎರಡು ಹೊತ್ತು ನನ್ನನ್ನು ಪಂಜರದ ಮುಂದೆ ಎತ್ತಿ ಹಿಡಿದು "ಬರ್ರಿ, ಕೂಡ್ರಿ" ಅನ್ನುವಳು. ಅಂದ ಮೇಲೇ ಹಿಟ್ಟು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಪಚ್ಚಿ ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು, ಅವಳನ್ನಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅಷ್ಟರಲ್ಲಿ ಗಂಗಕ್ಕನ ತವರಿನಿಂದ ಸಾವಿನ ಸುದ್ದಿ ಬಂತು. ಅವಳು ಹೊರಟುಹೋದಳು. ಗುರುಪಾದಪ್ಪನವರು ಪಂಜರದೊಳಗೆ ಕೈಹಾಕಿ ಬೆರಳು ಕಚ್ಚಿಸಿಕೊಂಡರು. ಬೇರೆ ದಾರಿ ಕಾಣದೆ ಪಂಜರವನ್ನು ಹಿತ್ತಲ ನುಗ್ಗೆಮರಕ್ಕೆ ತೂಗುಹಾಕಿ, ನನ್ನನ್ನು ಕಟ್ಟೆಯ ಮೇಲಿಟ್ಟು, "ಹುಲಿಗಿ, ನೀನ ಉಣಿಸು" ಅಂದರು.

ಹುಲಿಗೆವ್ವ ಕೈ ತೊಳೆದುಕೊಂಡು ಬಂದು ನನ್ನನ್ನು ಎತ್ತಿದಳು. ಮೊದಲ ಬಾರಿ ಆ ಕೈ ನನ್ನನ್ನು ಮುಟ್ಟಿತು. ಬಿರುಕುಬಿಟ್ಟ, ಬೆಚ್ಚಗಿನ ಕೈ. ಪಂಜರದ ಹತ್ತಿರ ಹೋಗಿ ಎತ್ತಿ ಹಿಡಿದದ್ದೇ ತಡ, ಪಚ್ಚಿ ಕೊರಳು ಚಾಚಿ, ಸ್ಪಷ್ಟವಾಗಿ, "ಬರ್ರಿ, ಕೂಡ್ರಿ" ಅಂದಿತು.

ಹುಲಿಗೆವ್ವ ತಿರುಗಿ ನೋಡಿದಳು, ಹಿಂದೆ ಯಾರೋ ಬಂದರೇನೋ ಎಂದು. ಯಾರೂ ಇರಲಿಲ್ಲ.

"ನನಗ ಅಂದೀ?" ಎಂದು ಕೇಳಿದಳು. ಪಚ್ಚಿ ಇನ್ನೊಮ್ಮೆ ಅಂದಿತು. ಹುಲಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಹುಚ್ಚ ಮುಂಡೇದ. ನಿಮ್ಮ ಯಜಮಾನ್ರು ಕೇಳಿದ್ರ ನಿನ್ನ ನಾಲಿಗಿ ಕಡೀತಾರ, ನನ್ನ ಕಾಲು ಕಡೀತಾರ."

ಆದರೆ ಆ ದಿನ ಉಣಿಸುವಾಗ ನುಗ್ಗೆಮರದ ಬುಡದ ಕಲ್ಲಿನ ಮೇಲೆ ಕೂತಳು.

ಗಂಗಕ್ಕ ತಿರುಗಿ ಬಂದಾಗ ನಾನು ಒಳಗೆ ಹೋಗುವ ಹಾಗಿರಲಿಲ್ಲ. ಕೆಂಡದಲ್ಲಿ ಹಾಕಿ ಶುದ್ಧ ಮಾಡಿ ತಗೊಳ್ಳೋಣವೆಂದು ಅವಳು ಅಂದರೂ ಗುರುಪಾದಪ್ಪನವರು ಒಪ್ಪಲಿಲ್ಲ. "ಆಕಿಗೇ ಇರ್ಲಿ ಬಿಡು. ನಾ ಜಾತಿ ನೋಡಾಂವಲ್ಲ, ಆದ್ರ ಅಡಗಿಮನಿ ಮಾತು ಬ್ಯಾರೆ." ಹಕ್ಕಿಯ ಬಾಯಿ ಕೆಡಿಸದ ನನ್ನನ್ನು ಮನುಷ್ಯರ ಕೈಯೊಂದು ಕೆಡಿಸಿತ್ತು. ಹುಲಿಗೆವ್ವ ನನ್ನನ್ನು ಉಡಿಗೆ ಹಾಕಿಕೊಂಡಳು. ಮಗಳು ಬಸುರಿ, ಕೂಸಿಗೆ ಆದೀತೆಂದುಕೊಂಡಳು. ಸಂಜೆ ಹೋಗುವ ಮುಂಚೆ ಪಚ್ಚಿಗೆ ಒಂದು ಗುಟುಕು ಉಣಿಸುವುದನ್ನು ಮಾತ್ರ ಬಿಡಲಿಲ್ಲ. ಅಷ್ಟು ಹೊತ್ತು ಕಲ್ಲಿನ ಮೇಲೆ ಕೂಡುವುದನ್ನೂ.

ಅತಿಥಿಗಳು ಬಂದಾಗ ಪಂಜರವನ್ನು ಪಡಸಾಲೆಗೆ ತಂದಿಟ್ಟರೆ ಪಚ್ಚಿ ಬಾಯಿ ಬಿಡುತ್ತಿರಲಿಲ್ಲ. ಅದು ಕಲಿತದ್ದು ಮನುಷ್ಯರನ್ನು ನೋಡಿ ಅಲ್ಲ, ನನ್ನನ್ನು ನೋಡಿ. ನಾನಿದ್ದದ್ದು ಹುಲಿಗೆವ್ವನ ಉಡಿಯಲ್ಲಿ.

ಹೀಗಿರುವಾಗ ಸಮಾನತಾ ಸಮಾವೇಶಕ್ಕೆ ಗುರುಪಾದಪ್ಪನವರನ್ನು ಅಧ್ಯಕ್ಷರಾಗಿ ಕರೆಯಲು ಹಿರಿಯರು ಬಂದರು. ಜಮಖಾನೆ ಹಾಸಿತ್ತು, ಮಂಡಕ್ಕಿ ಬಂದಿತ್ತು. ಒಬ್ಬರು, "ನಿಮ್ಮ ಗಿಣಿ ಎಲ್ಲಾರನೂ ಬರ್ರಿ ಕೂಡ್ರಿ ಅಂತೈತಂತ ಭಾಷಣದಾಗ ಹೇಳಿದ್ರಲ್ಲ, ಕೇಳಸ್ರಲ್ಲ" ಅಂದರು. ಪಚ್ಚಿ ಮೆಣಸಿನಕಾಯಿ ಕಡಿಯುತ್ತ ಕೂತಿತ್ತು. ಗುರುಪಾದಪ್ಪನವರ ಮುಖ ಕೆಂಪಾಯಿತು. ಕಾರಣ ಗೊತ್ತಿದ್ದ ಗಂಗಕ್ಕ ಹಿತ್ತಲಿಗೆ ಓಡಿ ಬಂದಳು.

"ಹುಲಿಗಿ, ಒಳಲಿ ಕಟ್ಟಿ ಮ್ಯಾಲ ಇಡು. ನೀರು ಚಿಮಿಕಿಸಿ ತಗೋತೀನಿ."

ಹುಲಿಗೆವ್ವ ರಾಡಿಯಿಂದ ಕೈ ತೆಗೆದಳು. "ಇದು ನಂದಲ್ಲೇನ್ರಿ, ಅವ್ವಾರ?"

"ನಿಂದ. ಈಗೊಂದೀಟು ಬೇಕಾಗೇತಿ."

"ನಂದ ಅಂದಮ್ಯಾಲ ನಾನ ಹಿಡಕೊಂಡು ಬರ್ತೀನ್ರಿ. ನೀರು ಹೊಡಸ್ಕೊಂಡು ಹೋಗಾಕ ಅದೇನು ತಪ್ಪು ಮಾಡೇತಿ?"

ಪಡಸಾಲೆಯಿಂದ "ಬಂತೇನ?" ಎಂದು ಗುರುಪಾದಪ್ಪನವರು ಕೂಗಿದರು. ಹುಲಿಗೆವ್ವ ಅಷ್ಟರಲ್ಲಿ ಕೈಕಾಲು ತೊಳೆದಾಗಿತ್ತು. ಈ ಹಿತ್ತಲಿನ ಕೂಲಿಯಿಂದಲೇ ಅವಳ ಮನೆಯ ಒಲೆ ಉರಿಯುತ್ತಿತ್ತು. ಮುಂಬಾಗಿಲು ತುಳಿದರೆ ಹಿಂಬಾಗಿಲು ಮುಚ್ಚುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಮನೆಯ ಪಕ್ಕದ ಸಂದಿಯಿಂದ ಸುತ್ತುಹಾಕಿ ಪಡಸಾಲೆಯ ಮೆಟ್ಟಿಲು ಹತ್ತಿದಳು.

ಪಚ್ಚಿ ನನ್ನನ್ನು ಕಂಡಿತು. ಮೆಣಸಿನಕಾಯಿ ಬಿಸಾಡಿತು. "ಬರ್ರಿ, ಕೂಡ್ರಿ."

ಹಿರಿಯರೆಲ್ಲ ನಕ್ಕರು. "ಗುರುಪಾದಪ್ಪನವರ, ಗಿಣಿ ನಿಮ್ಮ ಭಾಷಣ ಪೂರಾ ಕೇಳೇತಿ ಬಿಡ್ರಿ" ಎಂದು ಒಬ್ಬರು ತೊಡೆ ತಟ್ಟಿದರು. ಪಚ್ಚಿ ಮತ್ತೊಮ್ಮೆ ಕರೆಯಿತು.

ಹುಲಿಗೆವ್ವ ಜಮಖಾನೆಯ ಅಂಚಿನಲ್ಲಿ ಕೂತಳು.

ತೆರೆದ ಬಾಯಿಗಳು ತೆರೆದೇ ಇದ್ದವು, ನಗು ಮಾತ್ರ ನಿಂತಿತ್ತು. ಏಳು ಅನ್ನಲು ಅಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಬಂದ ಕೆಲಸವೇ ಅಂಥದ್ದಾಗಿತ್ತಲ್ಲ! ಹುಲಿಗೆವ್ವ ಅವಸರಪಡದೆ, ಒಂದು ಗುಟುಕು ಇಳಿದ ಮೇಲೆ ಇನ್ನೊಂದು ಬಿಡುತ್ತ, ಪಚ್ಚಿಗೆ ಉಣಿಸಿದಳು. ಮುಗಿದ ಮೇಲೆ ಎದ್ದು, "ಬರ್ತೀನ್ರಿ, ಯಜಮಾನ್ರ" ಎಂದು ಹೇಳಿ ಅದೇ ಮೆಟ್ಟಿಲು ಇಳಿದಳು.

ಮರುದಿನ ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಜಾತಿ ನೋಡದ ಯಜಮಾನರು ಅಗಳಿ ಹಾಕಿದ್ದರು. ಬೇಲಿಯ ಮೇಲೆ ಜಮಖಾನೆ ಒಗೆದು ಹಾಕಿತ್ತು, ನೀರು ತೊಟ್ಟಿಕ್ಕುತ್ತಿತ್ತು.

ಹುಲಿಗೆವ್ವ ಕೆಲ ಕಾಲ ಇಟ್ಟಿಗೆ ಹೊತ್ತಳು. ಮಗಳಿಗೆ ಹೆಣ್ಣು ಕೂಸಾಯಿತು. ನಾನು ಮತ್ತೆ ನನ್ನ ಹುಟ್ಟುಕೆಲಸಕ್ಕೆ ಬಂದೆ.

ಒಂದು ಮಧ್ಯಾಹ್ನ ಕೇರಿಯ ಮಕ್ಕಳೆಲ್ಲ ಓಡಿ ಬಂದವು. ಹಿಂದೆ ಗಂಗಕ್ಕ, ಕೈಯಲ್ಲಿ ಪಂಜರ. ಪಚ್ಚಿ ಸೊರಗಿತ್ತು, ಎದೆಯ ಗರಿ ಕಿತ್ತುಕೊಂಡಿತ್ತು.

"ತಿನ್ನವಲ್ದು ಹುಲಿಗಿ. ಸಾಯ್ತೈತಿ ಇದು."

ಮೊಮ್ಮಗಳಿಗೆ ಹಾಲು ಕುಡಿಸುತ್ತಿದ್ದ ಹುಲಿಗೆವ್ವ ನನ್ನನ್ನು ಕೆಳಗಿಟ್ಟು ಚಾಪೆ ಕೊಡವಿ ಹಾಸಿದಳು. "ಬರ್ರಿ ಅವ್ವಾರ, ಕೂಡ್ರಿ."

ನೆಲದ ಮೇಲಿದ್ದ ನನ್ನನ್ನು ಪಚ್ಚಿ ಕಂಡಿರಬೇಕು. ಅದೂ ಕ್ಷೀಣ ದನಿಯಲ್ಲಿ ಅದನ್ನೇ ಅಂದಿತು.

ಗಂಗಕ್ಕ ಚಾಪೆ ನೋಡಿದಳು. ಒಂದು ಕಾಲು ಮುಂದಿಟ್ಟಳು. ಆಮೇಲೆ ಓಣಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಬಾಗಿಲು ಬಾಗಿಲಿನಲ್ಲೂ ಜನ. ಅವಳ ಕಣ್ಣು ತುಂಬಿದ್ದು ನನಗೆ ಕೆಳಗಿನಿಂದ ಕಾಣುತ್ತಿತ್ತು.

"ಇರ್ಲಿ ಹುಲಿಗೆವ್ವ. ಹೊತ್ತಾತು."

ಹುಲಿಗಿ ಅಲ್ಲ, ಹುಲಿಗೆವ್ವ ಅಂದಳು. ಅಷ್ಟು ದೂರ ಬಂದಿದ್ದಳು. ಇನ್ನೊಂದು ಹೆಜ್ಜೆ ಬರಲಾಗಲಿಲ್ಲ. ಪಂಜರ ಇಟ್ಟು ಹೋದಳು. ಹುಲಿಗೆವ್ವ ಆ ಚಾಪೆಯನ್ನು ಸಂಜೆಯವರೆಗೂ ಮಡಚಲಿಲ್ಲ.

ಪಚ್ಚಿ ನನ್ನಿಂದ ಉಂಡು ಬದುಕಿತು. ಹುಲಿಗೆವ್ವ ಪಂಜರದ ಬಾಗಿಲು ಕಿತ್ತು, ಖಾಲಿ ಪಂಜರವನ್ನು ಕೋಳಿಮರಿಗಳಿಗೆ ಕೊಟ್ಟಳು. ಪಚ್ಚಿ ಎದುರಿನ ಬೇವಿನಮರದಲ್ಲಿ ಇದ್ದು, ಹೊತ್ತಿಗೆ ಬಂದು ಒಂದು ಗುಟುಕು ಉಂಡು ಹೋಗುತ್ತಿತ್ತು. ಜೋಳ ಹಾಲುಗಾಳು ಕಟ್ಟುವ ಕಾಲಕ್ಕೆ ಗಿಣಿಗಳ ಹಿಂಡೊಂದು ಬಂತು, ಅದರೊಂದಿಗೆ ಹೋಯಿತು. ಮತ್ತೆ ಬರಲಿಲ್ಲ. ನಾನು ದುಃಖಪಡಲಿಲ್ಲ. ಉಣಿಸುವುದು ಅದಕ್ಕೇ ಅಲ್ಲವೇ?

ಈಗ ಹುಲಿಗೆವ್ವ ಇಲ್ಲ. ಅವಳ ಮೊಮ್ಮಗಳು ಮನೆಯೊಡತಿ, ಅವಳ ಕೂಸೂ ನನ್ನಿಂದಲೇ ಕುಡಿದು ಬೆಳೆದಿದೆ. ನನ್ನ ಮೂತಿ ತುಸು ಸೊಟ್ಟಗಾಗಿದೆ, ಬುಡದಲ್ಲಿ ತಗ್ಗು ಬಿದ್ದಿದೆ. ಬಾಗಿಲ ಪಕ್ಕದ ಗೂಡಿನಲ್ಲಿ ನನ್ನ ಜಾಗ. ಬಳೆಗಾರ್ತಿ ಬರಲಿ, ಕರೆಂಟಿನವನು ಬರಲಿ, ವೋಟು ಕೇಳುವವರು ಬರಲಿ, ಈ ಮನೆಯವರು ಮೊದಲು ಚಾಪೆ ಕೊಡವುತ್ತಾರೆ, "ಬರ್ರಿ, ಕೂಡ್ರಿ" ಅನ್ನುತ್ತಾರೆ. ಕೆಲವರು ಕೂಡುತ್ತಾರೆ. ಕೆಲವರಿಗೆ ಇನ್ನೂ ಹೊತ್ತಾಗುತ್ತದೆ. ಅವರು ಹೊಸ್ತಿಲ ಹೊರಗೇ ಕೈಮುಗಿದು, ಓಣಿಯ ಎರಡೂ ತುದಿ ನೋಡಿ ಹೋಗುತ್ತಾರೆ.

ನಾನು ಗೂಡಿನಲ್ಲಿ ಕೂತು ನೋಡುತ್ತಿರುತ್ತೇನೆ. ಚಾಪೆಯಂತೂ ಹಾಸಿಯೇ ಇದೆ.