ಇಲಿಗೆ ಕೇಳಿಸಿತೇ?

ವಿಸ್ಮಿತಾಳ ಕೆಲಸವೇನೆಂದು ಮುಂಡಾಜೆಯಲ್ಲಿ ಕೇಳಿದರೆ ಅವಳ ಅಮ್ಮ ಮೋಹಿನಿ, "ಮೂಡುಬಿದಿರೆ ಕಾಲೇಜಿನಲ್ಲಿ ಇಲಿ ಸಾಕ್ತಾಳೆ" ಎನ್ನುತ್ತಾರೆ. ಪಿಎಚ್‌ಡಿ ಮಾಡುವ ಮಗಳಿಗೆ ಇದಕ್ಕಿಂತ ಅವಮಾನ ಬೇಕೆ? ಹಾಗಂತ ಅದು ಪೂರಾ ಸುಳ್ಳೂ ಅಲ್ಲ. ಇಲಿಯ ತಲೆಯೊಳಗೆ ಕೂದಲೆಳೆಯಷ್ಟು ತೆಳು ತಂತಿ ಕೂರಿಸಿ, ಟಕ್ ಟಕ್ ಎಂದು ಎರಡು ಸಲ ಸದ್ದು ಕೇಳಿಸಿ, ಮಿದುಳು ಹೇಗೆ ಓಗೊಡುತ್ತದೆಂದು ಪರದೆಯಲ್ಲಿ ನೋಡುವುದು ಅವಳ ಕೆಲಸ. ಸರಿಯಿರುವ ಮಿದುಳು ಮೊದಲ ಸದ್ದಿಗೆ ದೊಡ್ಡ ಅಲೆ ಎಬ್ಬಿಸುತ್ತದೆ, ಎರಡನೆಯದನ್ನು ಅಷ್ಟಾಗಿ ಕ್ಯಾರೇ ಅನ್ನುವುದಿಲ್ಲ. ಮದ್ದು ಚುಚ್ಚಿ ಕೆಡಿಸಿದ ಮಿದುಳಿಗೆ ಎರಡೂ ಒಂದೇ. ಇಲ್ಲದ ದನಿ ಕೇಳುವ ಮನುಷ್ಯರ ಮಿದುಳೂ ಹಲವು ಸಲ ಹಾಗೆಯೇ.

ಅಂಥ ಮನುಷ್ಯ ಅವಳ ಮನೆಯಲ್ಲೇ ಇದ್ದ. ಅಣ್ಣ ಸೃಜನ್ ತೋಟದಲ್ಲಿ ರಬ್ಬರ್ ಮರ ಕೆತ್ತಿ ಟ್ಯಾಪಿಂಗ್ ಮಾಡುತ್ತಿದ್ದವನು ತಟ್ಟನೆ ಕತ್ತಿ ನಿಲ್ಲಿಸಿ, ಖಾಲಿ ಗುಡ್ಡದ ಕಡೆ ತಿರುಗಿ "ಓ" ಎನ್ನುತ್ತಿದ್ದ. ಒಂದೇ ಸಲ ಕರೆದರೆ ಓಗೊಡಬೇಡಿ, ಪ್ರೇತ ಒಮ್ಮೆ ಮಾತ್ರ ಕರೆಯುತ್ತದೆ, ಮನುಷ್ಯರಾದರೆ ಇನ್ನೊಮ್ಮೆ ಕರೆಯುತ್ತಾರೆ ಎಂದು ಅಜ್ಜಿ ಅಮ್ಮಣಿ ಇಬ್ಬರಿಗೂ ಕಲಿಸಿದ್ದರು. ಸೃಜನ್ ಅದನ್ನೇ ಡಾಕ್ಟರ ಮುಂದಿಟ್ಟ. "ನನ್ನನ್ನು ಎರಡು ಸಲ ಕರೀತಾರೆ ಡಾಕ್ಟ್ರೇ. ಹಾಗಾದ್ರೆ ಮನುಷ್ಯರೇ ಅಲ್ವಾ?" ಈ ವಾದ ಹಿಡಿದುಕೊಂಡು ಎರಡು ವರ್ಷ ಮಾತ್ರೆ ಮುಟ್ಟಲಿಲ್ಲ. ಕೊನೆಗೆ ವಿಸ್ಮಿತಾ ನೆಂಟರ ಎದುರೇ ರೇಗಿದಳು. "ಯಾರೂ ಕರೆಯುವುದಿಲ್ಲ ಮಾರಾಯ!" ಅಂದಿನಿಂದ ಮೂರು ತಿಂಗಳಾಯಿತು, ಮುಖ ಸಣ್ಣದು ಮಾಡಿಕೊಂಡು ದಿನವೂ ಮಾತ್ರೆ ನುಂಗುತ್ತಿದ್ದಾನೆ.

ಕಳೆದ ವಾರ ಹಗಲು ಹನ್ನೊಂದಕ್ಕೆ, ಹೊರಗಿನ ಸದ್ದು ಬಾರದ ಲ್ಯಾಬ್ ಕೋಣೆಯಲ್ಲಿ, ಯಾರೋ ಅವಳನ್ನು ಕರೆದರು. "ವಿಸ್ಮೀ." ಸ್ವಲ್ಪ ಬಿಟ್ಟು ಇನ್ನೊಮ್ಮೆ. ಬಾಗಿಲು ತೆರೆದು ನೋಡಿದರೆ ಕಾರಿಡಾರಿನಲ್ಲಿ ಯಾರೂ ಇಲ್ಲ. ಮರುದಿನವೂ ಅದೇ. ದನಿ ಹೊರಗಿನದೋ ತನ್ನ ತಲೆಯೊಳಗಿನದೋ ತಿಳಿಯದೆ ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ತಿಳಿಯುವ ದಾರಿ ಕಣ್ಣೆದುರೇ ಇತ್ತು. ಇಲಿಗೆ ಸುಳ್ಳು ಹೇಳಲು ಬರುವುದಿಲ್ಲ. ಸೋಮವಾರ ಮದ್ದು ಚುಚ್ಚದ ಇಲಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ತಂತಿ ಜೋಡಿಸಿ, ಸ್ಪೀಕರ್ ಆಫ್ ಮಾಡಿ ಕೂತಳು. ಮೊದಲು ತಾನೇ "ವಿಸ್ಮೀ" ಎಂದಳು. ಪರದೆಯಲ್ಲಿ ಅಲೆ ಎದ್ದಿತು. ಇಲಿಗೆ ಕೇಳಿಸುತ್ತಿತ್ತು, ಸಾಕ್ಷಿ ಗಟ್ಟಿಯಾಗಿತ್ತು. ಆಮೇಲೆ ಬಾಯಿ ಮುಚ್ಚಿ ಕಾದಳು.

ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಕರೆ ಬಂತು. ಎರಡು ಸಲ, ಸ್ಪಷ್ಟವಾಗಿ, ಅಕ್ಕರೆಯಿಂದ. ಪರದೆಯ ಗೆರೆ ಮೊದಲಿನಂತೆಯೇ ಸಣ್ಣಗೆ ನಡುಗುತ್ತ ಸಾಗಿತು. ಆ ಕ್ಷಣವನ್ನು ಹಿಂದಕ್ಕೆ ತಂದು, ಹಿಗ್ಗಿಸಿ, ಮತ್ತೆ ಮತ್ತೆ ನೋಡಿದಳು. ಅಲೆಯೇ ಇಲ್ಲ. ಇಲಿಗೆ ಏನೂ ಕೇಳಿಸಿರಲಿಲ್ಲ.

ಅಣ್ಣನಿಗೆ ಫೋನ್ ಮಾಡಿದಳು. "ಅಣ್ಣಾ, ನನ್ನನ್ನು ಯಾರೋ ಕರೆದ ಹಾಗೆ ಆಗ್ತದೆ" ಎನ್ನುವಷ್ಟರಲ್ಲಿ ಅಳು ಬಂತು.



"ಹೆಂಗಸಿನ ದನಿ," ಎಂದ ಸೃಜನ್. "ಎಡಗಡೆಯಿಂದ. ಅಲ್ವಾ?"

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ನನಗೆ ಹೋದ ವಾರದಿಂದ ಕೇಳುವುದು ನಿಂತಿದೆ ವಿಸ್ಮಿ. ಮಾತ್ರೆಯಿಂದ ಹೋಯ್ತು ಅಂತ ಎಣಿಸಿದ್ದೆ," ಎಂದ. ಅವನ ದನಿಯಲ್ಲಿ ಸಂಕಟವಿತ್ತು. "ನಿನ್ನ ಹತ್ತಿರ ಬಂದದ್ದಾ? ನೀನು ಅಲ್ಲೇ ಕೂತಿರು, ನಾನು ಈಗಲೇ ಬಸ್ಸು ಹತ್ತುತ್ತೇನೆ."